ಜಮೀನು ಕೊಳ್ಳುವವರಿಗೆ ತಾಳ್ಮೆಯೇ ಮೊದಲ ಕಂತು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಅವರು ಕ್ಯಾಲಿಫೋರ್ನಿಯಾ ಕಂಡವರಲ್ಲ. ಕಂಡಿದ್ದರೆ, ‘ಸ್ಯಾನ್ ಡಿಯಾಗೋ ಕೌಂಟಿಯಲ್ಲಿ ಐದೆಕರೆ ಜಮೀನು ಕೊಂಡು ನೋಡು’ ಎಂಬ ಮೂರನೆಯ ಮಾತನ್ನೂ ಖಂಡಿತ ಸೇರಿಸುತ್ತಿದ್ದರು.

ನಮ್ಮ ಯುಗಾದಿ, ರಾಜ್ಯೋತ್ಸವದ ಕೂಟಗಳಲ್ಲಿ ಊಟ ಮುಗಿದು ಹರಟೆ ಆರಂಭವಾಯಿತೆಂದರೆ ಈ ವಿಷಯ ಬಾರದೆ ಇರುವುದಿಲ್ಲ. ಮಕ್ಕಳ ಕಾಲೇಜು ಮುಗಿಯಿತು, ಮನೆಯ ಸಾಲ ತೀರುತ್ತ ಬಂತು, ಇನ್ನು ಒಂದಿಷ್ಟು ಭೂಮಿ ಮಾಡಬೇಕು ಎಂಬ ಆಸೆ. ಲಾಸ್ ಏಂಜಲೀಸಿನವರ ಕಣ್ಣು ಆ್ಯಂಟಿಲೋಪ್ ವ್ಯಾಲಿಯ ಕಡೆಗೆ, ಸ್ಯಾನ್ ಡಿಯಾಗೋದವರ ಕಣ್ಣು ಫಾಲ್‌ಬ್ರೂಕ್, ವ್ಯಾಲಿ ಸೆಂಟರ್, ರಮೋನಾ, ಜೂಲಿಯನ್ ಕಡೆಗೆ. ನಾಲ್ಕು ಮಾವಿನ ಗಿಡ, ಒಂದು ಸೀತಾಫಲ, ನಿಂಬೆ, ನುಗ್ಗೆ, ಒಂದು ತುಳಸಿಕಟ್ಟೆ. ಈ ಆಸೆಯಲ್ಲಿ ತಪ್ಪೇನೂ ಇಲ್ಲ. ನಮ್ಮಲ್ಲಿ ಬಹುಮಂದಿ ಒಂದು ತಲೆಮಾರಿನ ಹಿಂದೆ ಗದ್ದೆ ತೋಟ ಬಿಟ್ಟು ಬಂದ ಮನೆಗಳವರೇ.

ಆದರೆ ಈ ಹರಟೆ ಕೊನೆಗೆ ಹೋಗಿ ನಿಲ್ಲುವುದು ಬೈಗುಳದಲ್ಲಿ. ‘ಎರಡು ತಿಂಗಳಲ್ಲಿ ಆಗುವುದು ಎಂದಿದ್ದರು, ಎಂಟು ತಿಂಗಳಾಯಿತು.’ ‘ಕೌಂಟಿ ಕಚೇರಿಯವರು ಮತ್ತೊಂದು ನಕ್ಷೆ ಕೇಳಿದ್ದಾರೆ.’ ‘ನಮ್ಮೂರಿನ ತಾಲ್ಲೂಕು ಕಚೇರಿಯೇ ವಾಸಿ.’ ಈ ಮಾತುಗಳನ್ನು ಕೇಳಿ ಕೇಳಿ ನನಗೆ ಅನ್ನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ತಡಗಳೆಲ್ಲ ಒಂದೇ ಜಾತಿಯವಲ್ಲ. ಭೂಮಿಯನ್ನು ಪರೀಕ್ಷಿಸುವ ತಡ ಒಂದು ಬಗೆ. ಅದು ಕೊಳ್ಳುವವನ ಮಿತ್ರ. ಮನುಷ್ಯನ ದಾರಿಗೆ ಸುಮ್ಮನೆ ಅಡ್ಡ ನಿಲ್ಲುವ ತಡ ಇನ್ನೊಂದು ಬಗೆ. ಅದರ ವಿರುದ್ಧ ದನಿ ಎತ್ತಬೇಕು. ನಾವು ಮಾಡುತ್ತಿರುವುದು ತಲೆಕೆಳಗು. ಮಿತ್ರನ ಮೇಲೆ ರೇಗುತ್ತೇವೆ, ಅಡ್ಡ ನಿಂತವನಿಗೆ ಕೈಮುಗಿದು ಸುಮ್ಮನಾಗುತ್ತೇವೆ.

ನನ್ನ ಸ್ನೇಹಿತರೊಬ್ಬರ ಉದಾಹರಣೆ ಕೊಡುತ್ತೇನೆ. ವ್ಯಾಲಿ ಸೆಂಟರ್ ಕಡೆ ಹಳೆಯ ಆವಕಾಡೊ ತೋಟವೊಂದನ್ನು ಮೆಚ್ಚಿದರು. ಕರಾರು ಆಯಿತು, ಮುಂಗಡ ಹಣ ಎಸ್ಕ್ರೋದಲ್ಲಿ ಇಟ್ಟದ್ದಾಯಿತು. ಆಮೇಲೆ ಟೈಟಲ್ ವರದಿ ಬಂತು. ದೊಡ್ಡ ರಸ್ತೆಯಿಂದ ತೋಟಕ್ಕೆ ಹೋಗುವ ಮಣ್ಣು ದಾರಿ ಪಕ್ಕದವರ ಜಮೀನಿನಲ್ಲಿದೆ. ಆ ದಾರಿಯ ಹಕ್ಕು ಎಲ್ಲಿಯೂ ನೋಂದಣಿ ಆಗಿಲ್ಲ. ಮಾರುವವರು ‘ಮೂವತ್ತು ವರ್ಷದಿಂದ ಓಡಾಡುತ್ತಿದ್ದೇವೆ, ಯಾರೂ ಕೇಳಿಲ್ಲ’ ಎಂದರು. ಏಜೆಂಟರು ‘ಇದಕ್ಕೆಲ್ಲ ನಿಂತರೆ ಬೇರೆಯವರು ಕೊಂಡುಬಿಡುತ್ತಾರೆ’ ಎಂದು ಅವಸರ ಮಾಡಿದರು. ಸ್ನೇಹಿತರ ಶ್ರೀಮತಿಯವರು ತುಮಕೂರು ಸೀಮೆಯ ರೈತರ ಮಗಳು. ‘ಬಂಡಿ ಜಾಡು ಕಾಗದದಲ್ಲಿ ಬರದೆ ಹೊಲಕ್ಕೆ ದುಡ್ಡು ಕೊಡುವುದಿಲ್ಲ’ ಎಂದು ಪಟ್ಟು ಹಿಡಿದರು. ಪಕ್ಕದವರನ್ನು ಹುಡುಕಿ, ಒಪ್ಪಿಸಿ, ಅಳತೆ ಮಾಡಿಸಿ, ಕೌಂಟಿಯಲ್ಲಿ ನೋಂದಾಯಿಸಲು ಏಳು ತಿಂಗಳು ಹಿಡಿಯಿತು. ನಮ್ಮ ಸ್ನೇಹಿತರು ಆ ಏಳು ತಿಂಗಳು ದಂಡವಾಯಿತೆಂದು ಈಗಲೂ ಗೊಣಗುತ್ತಾರೆ. ನನ್ನ ಲೆಕ್ಕದಲ್ಲಿ ಅವರು ಆ ಏಳು ತಿಂಗಳಲ್ಲಿ ಒಂದು ರಸ್ತೆಯನ್ನು ಸಂಪಾದಿಸಿದರು. ದಾರಿಯಿಲ್ಲದ ತೋಟ ನೋಡಲಿಕ್ಕೆ ಚೆಂದ, ಅಷ್ಟೆ.

ಊರಿನಲ್ಲಿ ಜಮೀನು ಕೊಳ್ಳುವಾಗ ನಮ್ಮ ತಂದೆ ತಾತಂದಿರು ಏನೇನು ನೋಡುತ್ತಿದ್ದರು, ನೆನಪಿಸಿಕೊಳ್ಳಿ. ಪಹಣಿ, ಚಕ್ಕುಬಂದಿ, ಹದ್ದುಬಸ್ತಿನ ಕಲ್ಲು, ಬಾವಿಯಲ್ಲಿ ಬೇಸಿಗೆಯ ನೀರು, ದಾರಿ, ಹಳೆಯ ಸಾಲ. ಇಲ್ಲಿ ಕೇಳಬೇಕಾದದ್ದೂ ಅದೇ ಪಟ್ಟಿ. ಹೆಸರು ಮಾತ್ರ ಬೇರೆ. ಋಣಭಾರ ಪತ್ರದ ಜಾಗದಲ್ಲಿ ಟೈಟಲ್ ಕಂಪನಿಯ ವರದಿ, ಚಕ್ಕುಬಂದಿಯ ಜಾಗದಲ್ಲಿ ಸರ್ವೆ ನಕ್ಷೆ. ಆ ದಾರಿಯ ಹಕ್ಕಿಗೆ ಇಲ್ಲಿ ಈಸ್‌ಮೆಂಟ್ ಎಂದು ಹೆಸರು. ದಾರಿ ಇದೆ ಎಂದರೆ ಅದರ ರಿಪೇರಿ ಖರ್ಚು ಯಾರದು ಎಂಬುದನ್ನೂ ಕೇಳಬೇಕು. ಬೇರೆ ಒಪ್ಪಂದ ಇಲ್ಲದಿದ್ದರೆ ದಾರಿ ಬಳಸುವವರೆಲ್ಲ ತಮ್ಮ ತಮ್ಮ ಬಳಕೆಗೆ ತಕ್ಕಂತೆ ಖರ್ಚು ಹಂಚಿಕೊಳ್ಳಬೇಕು ಎಂದು ಕ್ಯಾಲಿಫೋರ್ನಿಯಾದ ಸಿವಿಲ್ ಕೋಡಿನ ೮೪೫ನೆಯ ವಿಧಿ ಹೇಳುತ್ತದೆ.

ಇನ್ನು ನೀರು. ಸ್ಯಾನ್ ಡಿಯಾಗೋ ಕೌಂಟಿಯ ಪೂರ್ವದ ಬೆಟ್ಟಗಾಡಿನಲ್ಲಿ ನೆಲದೊಳಗೆ ಇರುವುದು ಬಹುಪಾಲು ಗ್ರಾನೈಟ್ ಜಾತಿಯ ಕಲ್ಲು. ನೀರು ಸಿಕ್ಕುವುದು ಆ ಕಲ್ಲಿನ ಬಿರುಕುಗಳಲ್ಲಿ. ಆದ್ದರಿಂದ ಪಕ್ಕದ ಮನೆಯ ಕೊಳವೆ ಬಾವಿ ತುಂಬಿ ಹರಿದರೂ ನಮ್ಮದು ಒಣಗಿರಬಹುದು. ಕೋಲಾರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾವಿಯ ಪರೀಕ್ಷೆಯನ್ನು ಮಳೆ ಬಿದ್ದ ಫೆಬ್ರವರಿಯಲ್ಲಿ ಮಾಡಿಸಿ ಹಿಗ್ಗುವುದಕ್ಕಿಂತ ಸೆಪ್ಟೆಂಬರ್ ತನಕ ಕಾಯುವುದು ಜಾಣತನ. ನಲ್ಲಿಯ ನೀರು ಬರುವ ಕಡೆ ಬೆಲೆಯ ಪ್ರಶ್ನೆ. ನೀರಿನ ದರ ತಾಳಲಾರದೆ ಫಾಲ್‌ಬ್ರೂಕ್ ಮತ್ತು ರೇನ್‌ಬೋ ನೀರು ಜಿಲ್ಲೆಗಳ ಮತದಾರರು ೨೦೨೩ರ ನವೆಂಬರಿನಲ್ಲಿ ಸ್ಯಾನ್ ಡಿಯಾಗೋ ಕೌಂಟಿ ವಾಟರ್ ಅಥಾರಿಟಿಯನ್ನು ಬಿಟ್ಟು ರಿವರ್‌ಸೈಡ್ ಕೌಂಟಿಯ ಸಂಸ್ಥೆಯೊಂದನ್ನು ಸೇರಲು ಮತ ಹಾಕಿದರು. ತೋಟ ಅಗ್ಗಕ್ಕೆ ಸಿಕ್ಕಿತು ಎಂದು ಬೀಗುವ ಮೊದಲು ಮಾರುವವರ ಒಂದು ವರ್ಷದ ನೀರಿನ ಬಿಲ್ಲುಗಳನ್ನು ಕೇಳಿ ನೋಡಿ. ಅಗ್ಗ ಏಕೆ ಎಂಬುದು ಅದರಲ್ಲೇ ಬರೆದಿರುತ್ತದೆ.

ಲಾಸ್ ಏಂಜಲೀಸಿನ ಬಂಧುಗಳಿಗೂ ಒಂದು ಮಾತು. ಆ್ಯಂಟಿಲೋಪ್ ವ್ಯಾಲಿಯಲ್ಲಿ ಎರಡೂವರೆ ಎಕರೆಯ ತುಂಡುಗಳು ಕಾರಿನ ಬೆಲೆಗೆ ಸಿಕ್ಕುವುದುಂಟು. ಅಲ್ಲಿನ ಅಂತರ್ಜಲದ ಹಕ್ಕುಗಳ ಬಗ್ಗೆ ಬಹುಕಾಲ ನಡೆದ ಮೊಕದ್ದಮೆ ೨೦೧೫ರ ಡಿಸೆಂಬರಿನಲ್ಲಿ ತೀರ್ಪಾಯಿತು. ಯಾರು ಎಷ್ಟು ನೀರು ಎತ್ತಬಹುದೆಂಬುದು ಆ ತೀರ್ಪಿಗೆ ಒಳಪಟ್ಟಿದೆ. ನನ್ನ ಭೂಮಿ, ನನ್ನ ಬಾವಿ ಎಂಬ ಊರಿನ ನ್ಯಾಯ ಅಲ್ಲಿ ನಡೆಯದು. ಜಮೀನು ಸಿಕ್ಕಿತು, ನೀರೆತ್ತಲು ಅಪ್ಪಣೆ ಸಿಕ್ಕಲಿಲ್ಲ ಎಂದರೆ ಕೊಂಡದ್ದು ಭೂಮಿಯಲ್ಲ, ಕಂದಾಯದ ರಸೀದಿ.

ಮನೆ ಕಟ್ಟುವ ಯೋಚನೆ ಇದ್ದರೆ ಸೆಪ್ಟಿಕ್ ಟ್ಯಾಂಕಿನ ಮಾತು ಬರುತ್ತದೆ. ನೆಲದಲ್ಲಿ ನೀರು ಇಂಗುತ್ತದೆಯೇ ಎಂದು ಗುಂಡಿ ತೋಡಿ ನೋಡುವ ಪರೀಕ್ಷೆ ಅದು. ಇಂಗದ ನೆಲವಾದರೆ ಐದೆಕರೆ ಇದ್ದರೂ ಒಂದು ಸ್ನಾನದ ಮನೆಗೆ ಅನುಮತಿ ದೊರೆಯುವುದು ಕಷ್ಟ. ಹಾಗೆಯೇ ಕೆಲವು ತೋಟಗಳ ಮೇಲೆ ೧೯೬೫ರ ವಿಲಿಯಮ್‌ಸನ್ ಕಾಯ್ದೆಯ ಒಪ್ಪಂದ ಇರುತ್ತದೆ. ತೆರಿಗೆ ಕಡಿಮೆ, ಪ್ರತಿಯಾಗಿ ಭೂಮಿಯನ್ನು ಬೇಸಾಯಕ್ಕೇ ಬಿಡಬೇಕು. ಸಾಮಾನ್ಯವಾಗಿ ಹತ್ತು ವರ್ಷದ ಈ ಒಪ್ಪಂದ ವರ್ಷ ವರ್ಷವೂ ತಾನಾಗಿಯೇ ಮುಂದುವರಿಯುತ್ತದೆ, ಭೂಮಿಯ ಜೊತೆಗೆ ಕೊಂಡವರಿಗೂ ಅಂಟಿಕೊಳ್ಳುತ್ತದೆ.

ಇಷ್ಟನ್ನೆಲ್ಲ ವಿಚಾರಿಸಲು ಇಲ್ಲಿ ಬಳಕೆಯಲ್ಲಿರುವ ಕರಾರು ಪತ್ರದ ನಮೂನೆ ಹದಿನೇಳು ದಿನ ಕೊಡುತ್ತದೆ. ಪೇಟೆಯ ಮನೆಗೆ ಅದು ಸಾಕು. ಬಾವಿ, ಬೆಟ್ಟ, ಮಣ್ಣುದಾರಿ ಇರುವ ಜಮೀನಿಗೆ ಏನೇನೂ ಸಾಲದು. ಆ ಅವಧಿಯನ್ನು ಮೊದಲೇ ಅರವತ್ತು, ತೊಂಬತ್ತು ದಿನಕ್ಕೆ ಬರೆಸಿಕೊಳ್ಳಬಹುದು. ಹಾಗೆ ಬರೆಸುವುದಕ್ಕೆ ಯಾವ ಕಾನೂನೂ ಅಡ್ಡಿ ಬರುವುದಿಲ್ಲ. ಆದರೆ ನಮ್ಮವರಲ್ಲಿ ಅನೇಕರು ಸ್ಪರ್ಧೆಗೆ ಬಿದ್ದು ಪರೀಕ್ಷೆಯ ಷರತ್ತುಗಳನ್ನೇ ಬಿಟ್ಟುಕೊಟ್ಟು ಸಹಿ ಹಾಕುತ್ತಾರೆ. ಕಚೇರಿಯಲ್ಲಿ ಸಾವಿರ ಡಾಲರಿನ ಕಂಪ್ಯೂಟರ್ ತರಿಸಲು ಮೂರು ಕೊಟೇಶನ್ ಕೇಳುವ ನಾವು, ಜೀವಮಾನದ ಉಳಿತಾಯವನ್ನು ಒಂದು ಭಾನುವಾರದ ಮಧ್ಯಾಹ್ನ ನೋಡಿದ ಬೆಟ್ಟಕ್ಕೆ ಸುರಿಯುವುದು ಯಾವ ಲೆಕ್ಕ?

ಹಾಗಾದರೆ ಎಲ್ಲ ತಡವೂ ಒಳ್ಳೆಯದೇ? ಅಲ್ಲ. ಬೆಂಕಿ ವಿಮೆಯ ವಿಷಯ ನೋಡಿ. ೨೦೦೩ರ ಅಕ್ಟೋಬರಿನ ಸೀಡರ್ ಬೆಂಕಿ, ೨೦೦೭ರ ವಿಚ್ ಕ್ರೀಕ್ ಬೆಂಕಿ ಸ್ಯಾನ್ ಡಿಯಾಗೋದವರು ಮರೆತಿಲ್ಲ. ೨೦೨೫ರ ಜನವರಿಯಲ್ಲಿ ಪ್ಯಾಲಿಸೇಡ್ಸ್ ಮತ್ತು ಆಲ್ಟಡೀನಾ ಉರಿದದ್ದನ್ನು ಲಾಸ್ ಏಂಜಲೀಸಿನವರು ಮರೆಯಲಾರರು. ಅಪಾಯ ನಿಜ. ಮನೆಯ ಸುತ್ತ ನೂರು ಅಡಿ ಒಣಹುಲ್ಲು, ಪೊದೆ ತೆಗೆಯಬೇಕೆಂಬ ನಿಯಮ ಸರಿಯಾದದ್ದೇ. ಬೆಂಕಿಯ ಭಯ ಹೆಚ್ಚಾಗಿರುವ ವಲಯಗಳಲ್ಲಿ ಮನೆ ಕೈ ಬದಲಾಗುವಾಗ ಅದರ ದಾಖಲೆ ತೋರಿಸಬೇಕೆಂದು ೨೦೨೧ರ ಜುಲೈಯಿಂದ ಮಾಡಿದ್ದೂ ಸರಿ. ಆದರೆ ಹುಲ್ಲು ಕೊಯ್ದು, ಸೂರು ಬದಲಿಸಿ, ಎಲ್ಲವನ್ನೂ ಮಾಡಿದವರಿಗೂ ವಿಮೆ ಸಿಗದೆ ಹೋದರೆ? ೨೦೨೩ರ ಮೇ ತಿಂಗಳಲ್ಲಿ ಸ್ಟೇಟ್ ಫಾರ್ಮ್ ಈ ರಾಜ್ಯದಲ್ಲಿ ಮನೆ ವಿಮೆಯ ಹೊಸ ಅರ್ಜಿಗಳನ್ನು ನಿಲ್ಲಿಸಿತು. ಬೇರೆಲ್ಲೂ ಸಿಗದವರಿಗಾಗಿ ೧೯೬೮ರಲ್ಲಿ ಹುಟ್ಟಿದ ಫೇರ್ ಪ್ಲಾನ್ ಇದೆ, ನಿಜ. ಅದು ಮುಖ್ಯವಾಗಿ ಬೆಂಕಿಗೆ; ಕಳವು, ನೀರಿನ ಹಾನಿ, ಹೊಣೆಗಾರಿಕೆಗೆ ಇನ್ನೊಂದು ಪಾಲಿಸಿ ಬೇಕು. ವಿಮೆ ಇಲ್ಲದೆ ಬ್ಯಾಂಕು ಸಾಲ ಕೊಡದು. ಸಾಲ ಇಲ್ಲದೆ ಎಸ್ಕ್ರೋ ಮುಚ್ಚದು. ಕೊಳ್ಳುವವರು ತಮ್ಮ ಕೈಲಾದದ್ದನ್ನೆಲ್ಲ ಮಾಡಿದ ಮೇಲೂ ಬಾಗಿಲು ತೆರೆಯದ ಇಂಥ ತಡೆಯೇ ನಾನು ಹೇಳುವ ಎರಡನೆಯ ಬಗೆ. ಈ ರಾಜ್ಯದ ವಿಮಾ ಕಮಿಷನರು ಜನರಿಂದ ಆರಿಸಿ ಬರುವವರು, ಕೌಂಟಿಯ ಸೂಪರ್‌ವೈಸರುಗಳೂ ಅಷ್ಟೆ. ಅವರಿಗೆ ನಮ್ಮಲ್ಲಿ ಎಷ್ಟು ಮಂದಿ ಒಂದು ಕಾಗದ ಬರೆದಿದ್ದೇವೆ?

ಅಡ್ಡ ನಿಲ್ಲುವ ತಡೆ ಎಷ್ಟು ಕ್ರೂರವಾಗಬಹುದು ಎಂಬುದಕ್ಕೆ ದೂರ ಹೋಗಬೇಕಿಲ್ಲ. ಸ್ಯಾನ್ ಡಿಯಾಗೋದಿಂದ ಎಂಟನೆಯ ಹೆದ್ದಾರಿಯಲ್ಲಿ ಬೆಟ್ಟ ಇಳಿದರೆ ಎಲ್ ಸೆಂಟ್ರೋ, ಇಂಪೀರಿಯಲ್ ವ್ಯಾಲಿ. ಕಳೆದ ಶತಮಾನದ ಆರಂಭದಲ್ಲಿ ಅಲ್ಲಿ ಹತ್ತಿ, ಖರ್ಬೂಜ ಬೆಳೆದವರಲ್ಲಿ ಪಂಜಾಬಿನಿಂದ ಬಂದ ನಮ್ಮ ದೇಶದವರೂ ಇದ್ದರು. ಪೌರತ್ವಕ್ಕೆ ಅರ್ಹರಲ್ಲದ ಪರದೇಶಿಯರು ಬೇಸಾಯದ ಭೂಮಿಯನ್ನು ಹೊಂದಕೂಡದೆಂದು ಕ್ಯಾಲಿಫೋರ್ನಿಯಾ ೧೯೧೩ರಲ್ಲಿ ಕಾನೂನು ಮಾಡಿತು. ೧೯೨೦ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿತು. ೧೯೨೩ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದಿತು. ಉತ್ತವರು ಇವರು, ಕಾಗದದಲ್ಲಿ ಒಡೆಯರು ಬೇರೆಯವರು. ಕೆಲವರು ನಂಬಿಕಸ್ಥ ಅಮೆರಿಕನ್ನರ ಹೆಸರಿನಲ್ಲಿ, ಕೆಲವರು ಇಲ್ಲೇ ಹುಟ್ಟಿದ ಮಕ್ಕಳ ಹೆಸರಿನಲ್ಲಿ ಜಮೀನು ಇಟ್ಟುಕೊಂಡರು. ೧೯೪೬ರಲ್ಲಿ ಲೂಸ್-ಸೆಲ್ಲರ್ ಕಾಯ್ದೆ ಪೌರತ್ವದ ಬಾಗಿಲು ತೆರೆಯಿತು. ೧೯೫೨ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಸೆಯಿ ಫುಜಿಯವರ ಮೊಕದ್ದಮೆಯಲ್ಲಿ ಭೂಕಾನೂನನ್ನು ತಳ್ಳಿಹಾಕಿತು; ೧೯೫೬ರಲ್ಲಿ ಮತದಾರರು ಅದನ್ನು ಪುಸ್ತಕದಿಂದಲೇ ತೆಗೆದರು. ಅದೇ ವರ್ಷ ಆ ಕಣಿವೆಯ ರೈತ ದಲೀಪ್ ಸಿಂಗ್ ಸೌಂದ್ ಅಮೆರಿಕದ ಕಾಂಗ್ರೆಸ್ಸಿಗೆ ಆರಿಸಿ ಬಂದರು. ನಲವತ್ತು ವರ್ಷ ಕಾದವರ ನೆರಳಿನಲ್ಲಿ ನಿಂತು ನಾವು ಏಳು ತಿಂಗಳಿಗೆ ಗೊಣಗುತ್ತಿದ್ದೇವೆ.

ಇಲ್ಲಿನ ರಗಳೆಯೇ ಬೇಡ, ಊರಿನಲ್ಲೇ ತೋಟ ಮಾಡುತ್ತೇನೆ ಎನ್ನುವವರಿಗೂ ಎಚ್ಚರಿಕೆ ಬೇಕು. ಕರ್ನಾಟಕ ಸರ್ಕಾರ ೨೦೨೦ರಲ್ಲಿ ಭೂ ಸುಧಾರಣಾ ಕಾಯ್ದೆಯ ೭೯ಎ, ೭೯ಬಿ ವಿಧಿಗಳನ್ನು ತೆಗೆದ ಮೇಲೆ ರೈತರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದಾಯಿತು. ಇದನ್ನು ಕೇಳಿ ನಮಗೂ ದಾರಿಯಾಯಿತೆಂದು ಕೆಲವರು ತಿಳಿದಿದ್ದಾರೆ. ಆಗಿಲ್ಲ. ಅದು ರಾಜ್ಯದ ಕಾನೂನು. ಹೊರದೇಶದಲ್ಲಿ ನೆಲೆಸಿದ ಭಾರತೀಯರೂ, ಓಸಿಐ ಕಾರ್ಡಿನವರೂ ಕೃಷಿ ಭೂಮಿ, ಪ್ಲಾಂಟೇಶನ್, ತೋಟದ ಮನೆ ಕೊಳ್ಳುವುದನ್ನು ತಡೆಯುವುದು ಕೇಂದ್ರದ ವಿದೇಶಿ ವಿನಿಮಯ ಕಾನೂನು. ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ನಿವೇಶನ, ಮನೆ ಕೊಳ್ಳಬಹುದು. ಭಾವಮೈದುನನ ಹೆಸರಿನಲ್ಲಿ ಕೊಂಡರಾಯಿತು ಎನ್ನುವವರಿಗೆ ಹೇಳುವುದಿಷ್ಟು: ಬೇನಾಮಿ ವ್ಯವಹಾರಕ್ಕೆ ೨೦೧೬ರ ತಿದ್ದುಪಡಿಯ ನಂತರ ಏಳು ವರ್ಷದವರೆಗೆ ಸೆರೆವಾಸ ಇದೆ. ಅದಕ್ಕಿಂತ ಮೊದಲು ಹೋಗುವುದು ಭಾವಮೈದುನನ ಸ್ನೇಹ. ಇಂಪೀರಿಯಲ್ ವ್ಯಾಲಿಯ ರೈತರಿಗೆ ಬೇರೆ ದಾರಿ ಇರಲಿಲ್ಲ, ನಮಗೆ ಇದೆ.

ಆದ್ದರಿಂದ ಸಂಘಕ್ಕೆ ನನ್ನ ಸಲಹೆ ಒಂದು. ಈಗಾಗಲೇ ಜಮೀನು ಕೊಂಡವರು, ಕೊಳ್ಳಲು ಹೋಗಿ ಕೈಬಿಟ್ಟವರು ತಮ್ಮ ಅನುಭವವನ್ನು ಒಂದೊಂದು ಪುಟ ಬರೆದು ಕೊಡಲಿ. ಬಾವಿ ಪರೀಕ್ಷೆ ಮಾಡಿಸಿದ ತಿಂಗಳು, ಸಿಕ್ಕ ನೀರು, ದಾರಿಯ ಕಾಗದ, ವಿಮೆಗೆ ಅಲೆದ ದಿನಗಳು ಎಲ್ಲ ಅದರಲ್ಲಿರಲಿ. ಕರಿಬೇವಿನ ಗಿಡದ ಸಂಗತಿಯನ್ನೂ ಬರೆಯಲಿ. ನಿಂಬೆ ಜಾತಿಯ ಗಿಡಗಳಿಗೆ ರೋಗ ಹರಡುವ ಕೀಟ ೨೦೦೮ರಲ್ಲಿ ಸ್ಯಾನ್ ಡಿಯಾಗೋ ಕೌಂಟಿಯಲ್ಲಿ ಕಾಣಿಸಿಕೊಂಡಿತು. ಅದಕ್ಕೆ ಕರಿಬೇವು ಬಲು ಪ್ರಿಯ. ಆದ್ದರಿಂದ ಹಿತ್ತಿಲಿನ ಗಿಡವನ್ನು ಕಾರಿನಲ್ಲಿಟ್ಟುಕೊಂಡು ಹೊಸ ತೋಟಕ್ಕೆ ಒಯ್ಯುವ ಮೊದಲು ನಿರ್ಬಂಧದ ವಲಯ ಯಾವುದೆಂದು ಕೇಳಿಕೊಳ್ಳಬೇಕು. ಗೃಹಪ್ರವೇಶದ ಒಗ್ಗರಣೆಗೂ ಇಲ್ಲಿ ಕಾನೂನಿದೆ!

ಇಂಥ ಇಪ್ಪತ್ತು ಪುಟ ಸೇರಿದರೆ ಮುಂದಿನವರಿಗೆ ಅದೇ ದೊಡ್ಡ ಆಸ್ತಿ. ವಿಮೆಯ ವಿಷಯದಲ್ಲಿ ಒಬ್ಬೊಬ್ಬರು ಗೊಣಗುವ ಬದಲು ಸಂಘದ ಹೆಸರಿನಲ್ಲಿ ಒಂದು ಮನವಿ ಹೋಗಲಿ. ಒಪ್ಪದವರು ಇದ್ದರೆ ಮುಂದಿನ ಸಂಚಿಕೆಗೆ ಬರೆಯಿರಿ. ಒಪ್ಪುವವರು ಮೊದಲು ನಿಮ್ಮ ಬಾವಿಯ ಲೆಕ್ಕ ಕಳುಹಿಸಿ.