ಟಾವರ್ ದೂರ, ಫೋನ್ ಹತ್ತಿರ

ಕಳೆದ ತಿಂಗಳು ಪಾಲಕರ ಸಭೆ ಮುಗಿಸಿ ಹೊರಗೆ ಬರುತ್ತಿದ್ದಾಗ ರೈತರೊಬ್ಬರು ನನ್ನ ಕೈಗೆ ಒಂದು ಅರ್ಜಿ ಕೊಟ್ಟರು. ತೆಲಸಂಗದ ನಮ್ಮ ಓಣಿಯ ಹತ್ತಿರವಿರುವ ಮೊಬೈಲ್ ಟಾವರನ್ನು ಊರಾಚೆ ಸಾಗಿಸಬೇಕೆಂಬ ಅರ್ಜಿ. ಕೆಳಗೆ ಆಗಲೇ ಬಹಳಷ್ಟು ಸಹಿಗಳು ಬಿದ್ದಿದ್ದವು. "ಸರ, ನಮ್ಮ ಹುಡುಗ ಈ ವರ್ಷ ಹತ್ತನೇತ್ತೆ. ಓದಿದ್ದು ತಲಿಯಾಗ ನಿಂದರವಲ್ದು, ಮುಂಜಾನೆ ಎದ್ರ ತಲಿನೋವು ಅಂತಾನ. ಎಲ್ಲಾ ಆ ಟಾವರಿಂದನ ಆಗೇದ. ನೀವು ಸಾಯನ್ಸ್ ಮಾಸ್ತರು, ನಿಮ್ಮ ಸಹಿ ಬಿದ್ರ ಅರ್ಜಿಗೆ ತೂಕ ಬರ್ತದ" ಎಂದರು.

ತಂದೆಯ ಆತಂಕವನ್ನು ನಕ್ಕು ತಳ್ಳಿಹಾಕುವಂತಿಲ್ಲ. ತಿಳಿಯದೆ ಸಹಿ ಹಾಕುವಂತೆಯೂ ಇಲ್ಲ. ಎರಡು ದಿನ ಸಮಯ ಕೇಳಿದೆ.

ಮೊದಲು ಈ ಅಲೆಗಳ ಸ್ವಭಾವ ನೋಡೋಣ. ಬೆಳಕು, ಕ್ಷ-ಕಿರಣ, ರೇಡಿಯೋ ಅಲೆ ಇವೆಲ್ಲ ವಿದ್ಯುತ್ಕಾಂತೀಯ ಅಲೆಗಳೇ, ಒಂದೇ ಮನೆತನದ ಅಣ್ಣತಮ್ಮಂದಿರು. ವ್ಯತ್ಯಾಸವಿರುವುದು ಆವೃತ್ತಿಯಲ್ಲಿ. ಮೊಬೈಲಿಗೆ ಬಳಸುವ 900, 1800 ಮೆಗಾಹರ್ಟ್ಸ್ ಅಲೆಗಳು ಸೂಕ್ಷ್ಮತರಂಗಗಳ ಗುಂಪಿಗೆ ಸೇರುತ್ತವೆ. 'ವಿಕಿರಣ' ಎಂದೊಡನೆ ನಮಗೆ ಅಣುಬಾಂಬು ನೆನಪಾಗುತ್ತದೆ. ಆದರೆ 900 ಮೆಗಾಹರ್ಟ್ಸ್ ಅಲೆಯ ಒಂದು ಶಕ್ತಿಕಣಕ್ಕಿಂತ ಹಸಿರು ಬೆಳಕಿನ ಒಂದು ಕಣದಲ್ಲಿ ಸುಮಾರು 6 ಲಕ್ಷ ಪಟ್ಟು ಹೆಚ್ಚು ಶಕ್ತಿಯಿದೆ. ಕ್ಷ-ಕಿರಣದ ಶಕ್ತಿಯಂತೂ ಅದಕ್ಕೂ ಎಷ್ಟೋ ಮೇಲೆ. ಕ್ಷ-ಕಿರಣ ಪರಮಾಣುವಿನಿಂದ ಇಲೆಕ್ಟ್ರಾನನ್ನು ಕಿತ್ತೊಗೆಯಬಲ್ಲದು. ಮೊಬೈಲ್ ಅಲೆಗೆ ಆ ಬಲವಿಲ್ಲ. ಅದು ನೀರಿನ ಅಣುಗಳನ್ನು ಅಲುಗಾಡಿಸಿ ತುಸು ಬಿಸಿ ಮಾಡಬಲ್ಲದು, ಅಷ್ಟೆ. 2450 ಮೆಗಾಹರ್ಟ್ಸಿನ ಮೈಕ್ರೋವೇವ್ ಒಲೆ ಅನ್ನ ಬಿಸಿಮಾಡುವುದೂ ಹೀಗೆಯೇ. ಆದರೆ ಒಲೆಯದು 700ರಿಂದ 1000 ವ್ಯಾಟ್, 4ಜಿ ಫೋನಿನದು ಹೆಚ್ಚೆಂದರೆ 0.2 ವ್ಯಾಟ್.

ಇಷ್ಟು ಸಣ್ಣ ಶಕ್ತಿ ಮಿದುಳಿನ ಮೇಲೆ ಏನೂ ಮಾಡುವುದಿಲ್ಲವೇ? ಮಾಡುತ್ತದೆ ಎನ್ನಲು ಕೆಲವು ಆಧಾರಗಳಿವೆ. 2011ರಲ್ಲಿ ಅಮೆರಿಕದಲ್ಲಿ ನೋರಾ ವೋಲ್ಕೋ ಮತ್ತು ಸಂಗಡಿಗರು 47 ಜನರ ಎರಡೂ ಕಿವಿಗೆ ಫೋನ್ ಕಟ್ಟಿ ಒಂದು ಪ್ರಯೋಗ ಮಾಡಿದರು. ಬಲಗಿವಿಯ ಫೋನಿನಲ್ಲಿ 50 ನಿಮಿಷ ಕರೆ ನಡೆದಿತ್ತು, ಆದರೆ ಧ್ವನಿ ಕೇಳಿಸುತ್ತಿರಲಿಲ್ಲ. ಆಂಟೆನಾಕ್ಕೆ ಅತಿ ಹತ್ತಿರವಿದ್ದ ಮಿದುಳಿನ ಭಾಗ ಸುಮಾರು 7 ಪ್ರತಿಶತ ಹೆಚ್ಚು ಗ್ಲೂಕೋಸ್ ಬಳಸಿತು. ಇನ್ನು ಇಇಜಿ ಯಂತ್ರ. ನಾವು ಕಣ್ಣು ಮುಚ್ಚಿ ಸುಮ್ಮನೆ ಕುಳಿತಾಗ ಸೆಕೆಂಡಿಗೆ 8ರಿಂದ 13 ಸಲ ಏಳುವ ಆಲ್ಫಾ ಅಲೆಗಳನ್ನು ಅದು ಬರೆದು ತೋರಿಸುತ್ತದೆ. ಫೋನಿನ ಅಲೆ ತಾಗಿದಾಗ ಈ ಆಲ್ಫಾ ಅಲೆಗಳು ತುಸು ಬದಲಾದದ್ದನ್ನು ಹಲವು ಪ್ರಯೋಗಾಲಯಗಳು ಕಂಡಿವೆ, ಕೆಲವು ಕಂಡಿಲ್ಲ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಬದಲಾವಣೆ ಬೇರೆ, ಹಾನಿ ಬೇರೆ. ಗಣಿತ ಬಿಡಿಸುವಾಗ, ಹಾಡು ಕೇಳುವಾಗಲೂ ಮಿದುಳಿನ ಗ್ಲೂಕೋಸ್ ಬಳಕೆ ಏರುತ್ತದೆ, ಅಲೆಗಳು ಬದಲಾಗುತ್ತವೆ. ಆ 7 ಪ್ರತಿಶತದಿಂದ ಕೆಡುಕಾಗುತ್ತದೆಂದು ಪ್ರಯೋಗ ಮಾಡಿದವರೂ ಹೇಳಲಿಲ್ಲ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಈ ಅಲೆಗಳನ್ನು 'ಕ್ಯಾನ್ಸರ್ ತರಬಹುದಾದ ಸಾಧ್ಯತೆ ಇರುವ' ಪಟ್ಟಿಗೆ ಸೇರಿಸಿತು. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಪಟ್ಟಿಯಲ್ಲಿದೆ. ಮುಂದೆ ಅದೇ ಸಂಸ್ಥೆ ಮಾಡಿಸಿದ ದೊಡ್ಡ ಪರಿಶೀಲನೆ 2024ರಲ್ಲಿ ಪ್ರಕಟವಾಯಿತು. ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಫೋನ್ ಬಳಸಿದವರಲ್ಲೂ ಮಿದುಳಿನ ಕ್ಯಾನ್ಸರಿಗೂ ಫೋನಿಗೂ ನಂಟು ಕಾಣಲಿಲ್ಲ ಎಂಬುದು ಅದರ ತೀರ್ಮಾನ.

ಇನ್ನು ಟಾವರಿನ ಲೆಕ್ಕ. ಆಂಟೆನಾ ವಿದ್ಯೆಗೆ ನಮ್ಮ ನಾಡಿನ ನಂಟೂ ಇದೆ. 1953ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು ಬಂದ ಕನ್ನಡತಿ ರಾಜೇಶ್ವರಿ ಚಟರ್ಜಿಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪತಿಯೊಂದಿಗೆ ಸೂಕ್ಷ್ಮತರಂಗ ಪ್ರಯೋಗಾಲಯ ಕಟ್ಟಿ, ಆಂಟೆನಾಗಳನ್ನು ಕುರಿತೇ ದುಡಿದರು. ಅವರ ವಿದ್ಯೆಯ ಮೊದಲ ಪಾಠವನ್ನು ನಾವೂ ಮಾಡೋಣ. ಒಂದು ಆಂಟೆನಾ 20 ವ್ಯಾಟ್ ಹೊರಸೂಸುತ್ತದೆ ಎಂದಿಟ್ಟುಕೊಳ್ಳಿ. ಕೈಬ್ಯಾಟರಿಯ ಕನ್ನಡಿಯಂತೆ ಅದು ಅಲೆಗಳನ್ನು ಒಂದೇ ದಿಕ್ಕಿಗೆ ಕೂಡಿಸುವುದರಿಂದ 50 ಪಟ್ಟು ಹಿಡಿಯಿರಿ, 1000 ವ್ಯಾಟ್ ಆಯಿತು. 100 ಮೀಟರ್ ತ್ರಿಜ್ಯದ ಗೋಲದ ಮೇಲ್ಮೈ ಸುಮಾರು 1,25,600 ಚದರ ಮೀಟರ್. ಭಾಗಿಸಿದರೆ ಪ್ರತಿ ಚದರ ಮೀಟರಿಗೆ 0.008 ವ್ಯಾಟ್ ಬರುತ್ತದೆ. 2012ರ ಸೆಪ್ಟೆಂಬರ್ 1ರಿಂದ ನಮ್ಮ ಸರಕಾರ ಟಾವರಿನ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದಕ್ಕೆ ಇಳಿಸಿತು. 900 ಮೆಗಾಹರ್ಟ್ಸಿಗೆ ಅದು 0.45 ವ್ಯಾಟ್. ಇಂಥ ಹತ್ತು ಆಂಟೆನಾ ಒಂದೇ ಕಡೆ ಮುಖ ಮಾಡಿದರೂ ಆ ಮಿತಿ ದಾಟುವುದಿಲ್ಲ.

ಫೋನು ಸಣ್ಣದು, ಆದರೆ ಕಿವಿಗೆ ಅಂಟಿಕೊಂಡಿರುತ್ತದೆ. ಅದಕ್ಕೆ ಇನ್ನೊಂದು ಗುಣವೂ ಇದೆ. ಟಾವರು ಹತ್ತಿರವಿದ್ದರೆ ಅದು ಪಿಸುಗುಡುತ್ತದೆ, ದೂರವಿದ್ದರೆ ಗಂಟಲು ಹರಿಯುವಂತೆ ಕೂಗುತ್ತದೆ. ಸಿಗ್ನಲ್ ಒಂದೇ ಕಡ್ಡಿ ಇರುವ ದ್ರಾಕ್ಷಿ ತೋಟದ ಮೂಲೆಯಲ್ಲಿ ನಿಂತು ಮಾತಾಡಿದರೆ ನಮ್ಮ ತಲೆಗೆ ಬರುವ ಅಲೆ ಹೆಚ್ಚು. ಅಂದರೆ, ಟಾವರನ್ನು ಊರಾಚೆ ಕಳಿಸಿದರೆ ಹುಡುಗನ ಮಿದುಳಿಗೆ ತಾಗುವ ಅಲೆ ಕಡಿಮೆಯಾಗುವ ಬದಲು ಹೆಚ್ಚಾದೀತು.

ಎರಡು ದಿನದ ನಂತರ ಆ ರೈತರಿಗೆ ಇದನ್ನೆಲ್ಲ ಬಿಡಿಸಿ ಹೇಳಿ, ಅರ್ಜಿಯನ್ನು ಸಹಿ ಹಾಕದೆ ಮರಳಿಸಿದೆ. ಬದಲಿಗೆ ಇನ್ನೊಂದನ್ನು ಬರೆದುಕೊಟ್ಟೆ: ಟಾವರಿನ ಅಲೆ ಅಳೆದು ವರದಿ ಕೊಡಿ ಎಂದು. 2017ರಲ್ಲಿ ಶುರುವಾದ ಸರಕಾರದ ತರಂಗ್ ಸಂಚಾರ್ ವ್ಯವಸ್ಥೆ ಇರುವುದೇ ಇದಕ್ಕಾಗಿ. ಅದಕ್ಕೆ ಮೊದಲ ಸಹಿ ನನ್ನದು. ಅನುಮಾನವಿದ್ದಲ್ಲಿ ಅಳೆಯಬೇಕು, ವಿಜ್ಞಾನದ ದಾರಿ ಅದೇ.

ಆಮೇಲೆ ಕೇಳಿದೆ: "ಹುಡುಗ ರಾತ್ರಿ ಫೋನ್ ಎಲ್ಲಿಡತಾನ್ರಿ?" "ತಲಿದಿಂಬಿನ ಕೆಳಗ." "ಎಷ್ಟಕ್ಕ ಮಲಗತಾನ?" ಅವರು ಸುಮ್ಮನಾದರು. ಹದಿಹರೆಯದ ಮಿದುಳಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ರೆ ಬೇಕು. ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ರೆಯಲ್ಲಿಯೇ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ 'ಶಟ್' ಎಂಬ ಪ್ರತ್ಯೇಕ ಚಿಕಿತ್ಸಾಲಯ ತೆರೆದದ್ದು ಫೋನಿನ ಅಲೆಗಾಗಿ ಅಲ್ಲ, ಫೋನು ಕೆಳಗಿಡಲಾಗದ ಗೀಳಿಗಾಗಿ. ತಲೆನೋವಿಗೆ ವೈದ್ಯರನ್ನು ಕಾಣಿರಿ, ಕಣ್ಣನ್ನೂ ತೋರಿಸಿರಿ ಎಂದೆ.

ವಿದ್ಯಾರ್ಥಿಗಳೇ, ನಿಮ್ಮ ಮನೆಯ ಫೋನಿನಲ್ಲಿ ಸ್ಟಾರ್, ಹ್ಯಾಷ್, ಸೊನ್ನೆ, ಏಳು, ಹ್ಯಾಷ್ ಒತ್ತಿರಿ. ಒಂದು ಕಿಲೋ ಅಂಗಾಂಶ ಎಷ್ಟು ವ್ಯಾಟ್ ಹೀರೀತು ಎಂಬ ಅಂಕಿ ಬಹುತೇಕ ಫೋನುಗಳಲ್ಲಿ ಕಾಣುತ್ತದೆ. ನಮ್ಮ ದೇಶದಲ್ಲಿ 2012ರಲ್ಲಿ ಗೊತ್ತುಮಾಡಿದ ಮಿತಿ 1.6. ಹೋಲಿಕೆಗೆ ಒಂದು ಲೆಕ್ಕ: 1.4 ಕಿಲೋ ತೂಗುವ ಮಿದುಳು ತಾನೇ 20 ವ್ಯಾಟ್ ಬಳಸುತ್ತದೆ, ಅಂದರೆ ಕಿಲೋಗೆ ಸುಮಾರು 14. ದೀರ್ಘ ಮಾತಿಗೆ ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿಯಿರಿ, ಸ್ಪೀಕರ್ ಹಾಕಿರಿ. ರಾತ್ರಿ ಫೋನು ಅಡಿಗೆಮನೆಯ ಗೂಟಕ್ಕೆ ತೂಗಿದ ಚೀಲದಲ್ಲಿರಲಿ. ಪಾಲಕರೇ, ಅದರ ಪಕ್ಕದಲ್ಲಿ ನಿಮ್ಮದೂ ಇರಲಿ.