ಕೈಗುಣವೋ, ಗಾಳಿಯ ಗುಣವೋ?

ಈಚಿನ ವರ್ಷಗಳಲ್ಲಿ ನಮ್ಮ ನಗರಗಳ ಮನೆಗಳಲ್ಲಿ ‘ಬ್ಲ್ಯಾಕ್ ವೆಲ್ವೆಟ್’ ಎಂಬ ಪುಟ್ಟ ಅಲಂಕಾರ ಸಸ್ಯವೊಂದು ಕಾಣಿಸಿಕೊಳ್ಳತೊಡಗಿದೆ. ಹೃದಯಾಕಾರದ ಎಲೆ, ಮಖಮಲ್ಲಿನಂತಹ ಮೇಲ್ಮೈ, ಕಪ್ಪೆಂದೇ ತೋರುವಷ್ಟು ಗಾಢವಾದ ಹಸುರಿನ ಮೇಲೆ ಬೆಳ್ಳಿಗೆರೆಗಳಂತೆ ಹರಿದ ನರಗಳು. ಸಸ್ಯಶಾಸ್ತ್ರಜ್ಞರು ಇದನ್ನು ಅಲೊಕೇಸಿಯ ರೆಜಿನ್ಯುಲ ಎನ್ನುವರು. ‘ಪುಟ್ಟ ರಾಣಿ’ ಎಂಬುದು ಆ ಹೆಸರಿನ ಅರ್ಥ. ಇದರ ತವರು ಬೋರ್ನಿಯೋ ದ್ವೀಪದ ಸುಣ್ಣಕಲ್ಲಿನ ಕಾಡು. ನಮ್ಮ ಕೆಸುವಿನ ಕುಟುಂಬಕ್ಕೇ ಸೇರಿದುದಾದರೂ ಕೆಸುವಿನ ಸಹನೆ ಇದಕ್ಕಿಲ್ಲ. ಕೊಂಡು ತಂದ ಎರಡು ಮೂರು ತಿಂಗಳಲ್ಲಿ ಎಲೆಯಂಚು ಒಣಗಿ, ಒಂದೊಂದೇ ಎಲೆ ಹಳದಿಯಾಗಿ ಬಾಗುವುದು ಸಾಮಾನ್ಯ. ಆಗ ಸಾಕಿದವರನ್ನು ಕುರಿತು “ಆಕೆಯ ಕೈಗುಣ ಚೆನ್ನಾಗಿಲ್ಲ” ಎಂಬ ಮಾತು ಹೊರಡುತ್ತದೆ. ಪಾಪ, ಆಕೆ ದಿನಕ್ಕೆರಡು ಸಲ ನೀರೆರೆದು, ಎಲೆಗಳಿಗೆ ತುಂತುರು ಸಿಂಪಡಿಸಿ ಮಗುವಿನಂತೆ ನೋಡಿಕೊಂಡಿರುತ್ತಾಳೆ. ಇಂತಹ ಮಾತು ಕೇಳಿ ಗಿಡ ಬೆಳೆಸುವ ಆಸೆಯನ್ನೇ ಬಿಟ್ಟವರನ್ನು ನಾನು ಬಲ್ಲೆ. ಕೈಗುಣವೆಂಬ ಈ ಆರೋಪವನ್ನು ಭೌತಶಾಸ್ತ್ರದ ಅಧ್ಯಾಪಕನಾದ ನಾನು ಒಪ್ಪಲಾರೆ.

ಮೊದಲು ಆ ತುಂತುರಿನ ಲೆಕ್ಕವನ್ನೇ ನೋಡೋಣ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿಯು ಹೆಚ್ಚೆಂದರೆ ಸುಮಾರು 23 ಗ್ರಾಂ ನೀರಾವಿಯನ್ನು ಹಿಡಿಯಬಲ್ಲುದು. 4 ಮೀಟರ್ ಉದ್ದ, 3 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಯಲ್ಲಿರುವುದು 36 ಘನ ಮೀಟರ್ ಗಾಳಿ. ಅದರ ಆರ್ದ್ರತೆಯನ್ನು ಶೇಕಡಾ 40ರಿಂದ ಈ ಗಿಡಕ್ಕೆ ಹಿತವಾದ 70ಕ್ಕೆ ಏರಿಸಬೇಕಾದರೆ ಸುಮಾರು 250 ಗ್ರಾಂ ನೀರು, ಎಂದರೆ ಕಾಲು ಲೀಟರು, ಆವಿಯಾಗಬೇಕು. ಸಿಂಪಡಿಸುವ ಸೀಸೆಯ ಒಂದು ಒತ್ತಿಗೆ ಹೊರಬರುವುದು ಒಂದು ಗ್ರಾಮಿನ ಆಸುಪಾಸು! ಇನ್ನೂರೈವತ್ತು ಸಲ ಒತ್ತಿದರೂ ತೆರೆದ ಕಿಟಕಿಯ ಗಾಳಿ ಆ ತೇವವನ್ನೆಲ್ಲ ಸ್ವಲ್ಪ ಹೊತ್ತಿನಲ್ಲಿ ಕೊಂಡೊಯ್ಯುತ್ತದೆ. ಮಾರ್ಚ್ ತಿಂಗಳ ಮಧ್ಯಾಹ್ನ ಬೆಂಗಳೂರಿನ ಆರ್ದ್ರತೆ ಶೇಕಡಾ 30ರ ಸಮೀಪಕ್ಕೆ ಇಳಿಯುವುದುಂಟು. ಆಗ ಈ ಸೀಸೆಯಿಂದಾಗುವ ಪ್ರಯೋಜನವೆಂದರೆ ಎಲೆಯ ಮೇಲೆ ನೀರು ನಿಂತು ಬೂಷ್ಟಿನ ಕಲೆ ಮೂಡುವುದಷ್ಟೆ.

ಅದೇ ಗಿಡವನ್ನು 30 ಸೆಂಟಿಮೀಟರ್ ಉದ್ದಗಲ ಎತ್ತರಗಳ ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಲೆಕ್ಕವೇ ಬೇರೆ. ಅಲ್ಲಿ ಬೇಕಾದುದು ಗ್ರಾಮಿನ ಐದರಲ್ಲೊಂದು ಪಾಲು. ಕುಂಡದ ಒದ್ದೆ ಮಣ್ಣೇ ಅದನ್ನು ಕೊಡುತ್ತದೆ. ಇದು ಹೊಸ ಉಪಾಯವಲ್ಲ. 1829ರ ಸುಮಾರಿಗೆ ಲಂಡನ್ನಿನ ವೈದ್ಯ ನಥಾನಿಯೆಲ್ ವಾರ್ಡ್, ಮುಚ್ಚಿದ ಸೀಸೆಯೊಳಗೆ ಜರೀಗಿಡವೊಂದು ತಾನಾಗಿ ಮೊಳೆತುದನ್ನು ಕಂಡು ಇಂತಹ ಪೆಟ್ಟಿಗೆಗಳನ್ನು ಬಳಕೆಗೆ ತಂದನು. ನೇರ ಬಿಸಿಲಿನಲ್ಲಿ ಮಾತ್ರ ಪೆಟ್ಟಿಗೆಯನ್ನು ಇಡಬಾರದು. ಒಳಗಿನ ಗಿಡ ಬೆಂದುಹೋದೀತು.

ಬೇರಿನ ವಿಷಯದಲ್ಲಿ ನಮ್ಮ ಮಲೆನಾಡಿಗರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಪತ್ರೊಡೆಗೆ ಅವರು ಕೊಯ್ದು ತರುವ ಮರಕೆಸು ಮಳೆಗಾಲದಲ್ಲಿ ಮರದ ಕಾಂಡಕ್ಕೆ ಅಂಟಿ ಬೆಳೆಯುತ್ತದೆ. ಹಗಲಿರುಳು ಮಳೆ ಸುರಿದರೂ ಅದರ ಬೇರು ನಿಂತ ನೀರಿನಲ್ಲಿ ಮುಳುಗುವುದಿಲ್ಲ. ಪಾಚಿಯ ನಡುವೆ ಅದಕ್ಕೆ ಸದಾ ಗಾಳಿಯುಂಟು. ಸುಣ್ಣಕಲ್ಲಿನ ಮೇಲೆ ಬೆಳೆಯುವ ಈ ಪುಟ್ಟ ರಾಣಿಯೂ ಅಂತಹುದನ್ನೇ ಬಯಸುತ್ತಾಳೆ. ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುವುದರಿಂದ, ನೀರು ತುಂಬಿದ ಜಿಗುಟುಮಣ್ಣಿನಲ್ಲಿ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರೆಳೆಯಲಾರದೆ ಎಲೆ ಬಾಡುತ್ತದೆ. ಬಾಡಿತೆಂದು ಇನ್ನಷ್ಟು ನೀರು ಸುರಿಯುತ್ತಾರೆ! ತೆಂಗಿನ ಸಿಪ್ಪೆಯ ತುಂಡು, ಇದ್ದಿಲು, ಇಟ್ಟಿಗೆಯ ಚೂರುಗಳನ್ನು ಧಾರಾಳವಾಗಿ ಬೆರೆಸಿದ ಮಣ್ಣಿರಲಿ. ಮೇಲಿನ ಒಂದು ಅಂಗುಲ ಒಣಗಿದ ಬಳಿಕವೇ ನೀರೆರೆಯಲಿ.

ಇನ್ನು ಬೆಳಕು. ಇಲ್ಲಿ ನಮಗೆ ಮೋಸಮಾಡುವುದು ನಮ್ಮ ಕಣ್ಣೇ. ನಡುಹಗಲಿನ ಬಯಲಿನಲ್ಲಿ ಸುಮಾರು ಒಂದು ಲಕ್ಷ ಲಕ್ಸ್ ಬೆಳಕಿದ್ದರೆ, ಕಿಟಕಿಯಿಂದ ದೂರವಾದ ಮೂಲೆಯಲ್ಲಿ ನೂರು ಲಕ್ಸ್ ಇದ್ದೀತು. ಸಾವಿರ ಪಟ್ಟಿನ ಈ ಅಂತರವನ್ನು ಕಣ್ಣು ಹೊಂದಿಸಿಕೊಂಡುಬಿಡುತ್ತದೆ. ಎಲೆಗೆ ಆ ಸೌಕರ್ಯವಿಲ್ಲ. ದಟ್ಟವಾದ ಮಳೆಕಾಡಿನ ನೆಲಕ್ಕೆ ಮೇಲಿನ ಬೆಳಕಿನ ಶೇಕಡಾ ಒಂದೆರಡು ಪಾಲಷ್ಟೇ ಇಳಿಯುವುದೆಂದು ಕೇಳಿ, ಕಪ್ಪೆಲೆಯ ಗಿಡಕ್ಕೆ ಕತ್ತಲೆಯೇ ಹಿತವೆಂದು ಭಾವಿಸುವವರುಂಟು. ಆದರೆ ಆ ಒಂದೆರಡು ಪಾಲೂ ನಮ್ಮ ಮೂಲೆಯ ಹತ್ತು ಪಟ್ಟಿಗಿಂತ ಕಡಿಮೆಯಿಲ್ಲ! ಎಲೆಯಿರುವ ಜಾಗದಲ್ಲಿ ತಲೆಯಿಟ್ಟು ನೋಡಿರಿ: ಅಲ್ಲಿಂದ ಆಕಾಶ ಕಾಣದಿದ್ದರೆ ಅದು ಈ ಗಿಡಕ್ಕೆ ತಕ್ಕ ಸ್ಥಳವಲ್ಲ.

‘ನೆರಳಿನಲ್ಲಿಡಿ, ತೇವವಿರಲಿ’ ಎಂದಷ್ಟೇ ಹೇಳಿ ಮಾರುವ ನರ್ಸರಿಯವರ ಮೇಲೆ ನನ್ನ ಆಕ್ಷೇಪವಿದೆ. ತಮ್ಮ ತೇವತುಂಬಿದ ನೆರಳುಮನೆಯಲ್ಲಿ ಎಷ್ಟು ಲಕ್ಸ್ ಬೆಳಕಿತ್ತು, ಆರ್ದ್ರತೆ ಶೇಕಡಾ ಎಷ್ಟಿತ್ತು ಎಂಬ ಎರಡು ಅಂಕಿಗಳನ್ನು ಚೀಟಿಯಲ್ಲಿ ಬರೆದು ಕುಂಡಕ್ಕೆ ಕಟ್ಟಿದರೆ ಅವರಿಗಾಗುವ ನಷ್ಟವೇನು? ಕೊಳ್ಳುವವರೂ ಅದನ್ನು ಕೇಳಬೇಕು. ಆರ್ದ್ರತಾಮಾಪಕವು ಕೆಲವು ನೂರು ರೂಪಾಯಿಗೆ ದೊರೆಯುತ್ತದೆ. ಬೆಳಕನ್ನು ಕೈಯಲ್ಲಿರುವ ಮೊಬೈಲು ಫೋನೇ ಸ್ಥೂಲವಾಗಿ ಅಳೆಯಬಲ್ಲುದು.

ಎಲೆಗಳೆಲ್ಲ ಉದುರಿದ ಗಿಡವನ್ನು ಕೂಡಲೇ ಎಸೆಯಬಾರದು. ಮಣ್ಣನ್ನು ಕೆದಕಿದರೆ ಬೇರಿನ ಬಳಿ ಕಡಲೆಕಾಳಿನಷ್ಟು ದಪ್ಪದ ಮರಿಗೆಡ್ಡೆಗಳು ಸಿಗುವುದುಂಟು. ಅವನ್ನು ಒದ್ದೆ ಪಾಚಿಯಲ್ಲಿಟ್ಟು, ಬೆಳಕಿರುವ ಕಡೆ ಗಾಜಿನ ಲೋಟವೊಂದನ್ನು ಕವುಚಿಟ್ಟರೆ ಕೆಲವು ವಾರಗಳಲ್ಲಿ ಮೊಳಕೆ ತೋರಬಹುದು. ಮಕ್ಕಳ ಕೈಗೆ ಮಾತ್ರ ಸಿಗದಿರಲಿ. ಹಸಿ ಕೆಸುವಿನಂತೆ ಇದೂ ಬಾಯಿ ತುರಿಸುತ್ತದೆ.