ಗ್ಲಯೋಬ್ಲಾಸ್ಟೋಮಾ ರೋಗಿಗೆ ಅಂಗವಿಕಲ ಪ್ರಮಾಣಪತ್ರ: ಬಯಾಪ್ಸಿ ವರದಿಯೇ ಸಾಕಾಗಬೇಕು

ಮಿದುಳಿನಲ್ಲೇ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ಗ್ಲಯೋಬ್ಲಾಸ್ಟೋಮಾ ಅತಿ ಉಗ್ರವಾದವುಗಳಲ್ಲಿ ಒಂದು. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಅದರದು ನಾಲ್ಕನೇ, ಅಂದರೆ ಕೊನೆಯ ದರ್ಜೆ. ಶಸ್ತ್ರಚಿಕಿತ್ಸೆ, ಆರು ವಾರಗಳ ರೇಡಿಯೇಷನ್, ಟೆಮೊಜೊಲೊಮೈಡ್ ಮಾತ್ರೆ ಎಲ್ಲವೂ ಸಿಕ್ಕರೂ ಅರ್ಧದಷ್ಟು ರೋಗಿಗಳು ಸುಮಾರು 15 ತಿಂಗಳೊಳಗೆ ತೀರಿಕೊಳ್ಳುತ್ತಾರೆ. ಭಾರತದಲ್ಲಿ ಅಂಗವೈಕಲ್ಯ ಅಳೆಯುವ ಪದ್ಧತಿಗೆ ಈ ಲೆಕ್ಕವೇ ಗೊತ್ತಿಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸುತ್ತದೆ. ಕ್ಯಾನ್ಸರ್ ಅದರಲ್ಲಿಲ್ಲ. ಹೀಗಾಗಿ ರೋಗಿ ಕೈಕಾಲಿನ ಬಲಹೀನತೆ, ದೃಷ್ಟಿ ಅಥವಾ ಮಾತಿನ ತೊಂದರೆ ಎಂದು ಬೇರೊಂದು ಹೆಸರಿನಡಿ ಅರ್ಜಿ ಹಾಕಿ ಅಂಗವೈಕಲ್ಯದ ಅಳತೆಯಲ್ಲಿ ಶೇ. 40 ಮುಟ್ಟಬೇಕು. ಗಡ್ಡೆ ಹಣೆಯ ಹಿಂದಿನ ಭಾಗದಲ್ಲಿದ್ದರೆ ಈ ಅಳತೆ ಕೈಕೊಡುತ್ತದೆ. ಅಂಥ ರೋಗಿ ವೈದ್ಯಕೀಯ ಮಂಡಳಿಯ ಮುಂದೆ ನಡೆದೇ ಬರುತ್ತಾನೆ, ಹೆಸರು ಹೇಳುತ್ತಾನೆ, ಎರಡೂ ಕೈ ಎತ್ತಿ ತೋರಿಸುತ್ತಾನೆ. ಅದೇ ಮನುಷ್ಯ ಮನೆಯಲ್ಲಿ ಹಾಲು ಉಕ್ಕಿ ಒಲೆಯ ಮೇಲೆ ಹರಿಯುವುದನ್ನು ನೋಡುತ್ತಾ ಕೂತಿರುತ್ತಾನೆ, ಆರಿಸಬೇಕೆಂದು ಹೊಳೆಯುವುದಿಲ್ಲ. ನೂರರ ನೋಟು ಕೊಟ್ಟರೆ ಚಿಲ್ಲರೆ ಎಷ್ಟು ಬರಬೇಕೆಂದು ತಿಳಿಯುವುದಿಲ್ಲ. ಕೀಲು, ಸ್ನಾಯುಗಳ ಕೋಷ್ಟಕಕ್ಕೆ ಇದು ಸಿಗುವಂಥದ್ದಲ್ಲ. ಮೇಲಾಗಿ, ಮಿದುಳಿನ ಊತ ಇಳಿಸುವ ಡೆಕ್ಸಾಮೆಥಾಸೋನ್‌ನಿಂದ ರೋಗಿ ಕೆಲವು ದಿನ ಚೇತರಿಸಿಕೊಂಡಂತೆ ಕಾಣುತ್ತಾನೆ. ಪರೀಕ್ಷೆ ಆ ದಿನವೇ ಬಿದ್ದರೆ ಶೇಕಡಾವಾರು ಇಳಿಯಿತೆಂದೇ ಅರ್ಥ.

ಪ್ರಮಾಣಪತ್ರ ಕೊಡಲು 2017ರ ನಿಯಮಗಳಲ್ಲಿದ್ದ ಒಂದು ತಿಂಗಳ ಗಡುವನ್ನು 2024ರ ತಿದ್ದುಪಡಿ ಮೂರು ತಿಂಗಳಿಗೆ ಹಿಗ್ಗಿಸಿತು. ಬಾಲ್ಯದಲ್ಲಿ ಪೋಲಿಯೋ ಆದವರಿಗೆ ಇದು ಕಿರಿಕಿರಿ. ಈ ರೋಗಿಗೆ ಉಳಿದ ಆಯುಷ್ಯದ ಐದರಲ್ಲೊಂದು ಪಾಲು. ಮಾಸಾಶನದ ಅರ್ಜಿಯ ಸರದಿ ಅದಾದ ಮೇಲೆ.

ರೋಗದ ಹೆಸರನ್ನೇ ಆಧಾರವಾಗಿ ಒಪ್ಪುವುದು ಹೊಸದೇನಲ್ಲ. ಕಾರ್ಮಿಕರ ವಿಮಾ ಯೋಜನೆಯಾದ ಇಎಸ್‌ಐನ ದೀರ್ಘಕಾಲದ ಕಾಯಿಲೆಗಳ ಪಟ್ಟಿಯಲ್ಲಿ ಕ್ಯಾನ್ಸರ್ ಇದೆ. ಅರ್ಹ ಕಾರ್ಮಿಕನಿಗೆ ವೇತನದ ಶೇ. 80ರಷ್ಟು ಎರಡು ವರ್ಷದವರೆಗೆ ಸಿಗುತ್ತದೆ. ಹೊಲದ ಕೂಲಿಯವರಿಗೆ ಆ ರಕ್ಷಣೆಯಿಲ್ಲ. ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ಆಡಳಿತ 2008ರಲ್ಲಿ 50 ರೋಗಗಳಿಗೆ ತ್ವರಿತ ತೀರ್ಮಾನದ ಪಟ್ಟಿ ತಂದಾಗ ಗ್ಲಯೋಬ್ಲಾಸ್ಟೋಮಾ ಅದರಲ್ಲಿತ್ತು. ಅಲ್ಲಿಯದೂ ಅರೆಬರೆ ಕೆಲಸವೇ: ಅರ್ಜಿ ಬೇಗ ಒಪ್ಪಿತವಾದರೂ ವಿಮೆಯ ಭತ್ಯೆಗೆ ಐದು ತಿಂಗಳು, ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ ಮತ್ತೆ 24 ತಿಂಗಳು ಕಾಯಬೇಕು. ಎಎಲ್‌ಎಸ್ ಎಂಬ ನರರೋಗದವರಿಗೆ ಆ ಐದು ತಿಂಗಳನ್ನು 2020ರ ಕೊನೆಯಲ್ಲಿ ಕಾನೂನು ತಂದು ತೆಗೆದುಹಾಕಲಾಯಿತು. ಮಿದುಳು ಕ್ಯಾನ್ಸರ್‌ಗೆ ಆ ರಿಯಾಯಿತಿ ಸಿಗಲಿಲ್ಲ.

ಭಾರತದಲ್ಲಿ ರೋಗದ ಹೆಸರನ್ನೇ ಆಧಾರವಾಗಿ ಒಪ್ಪಲು ಸಂಸತ್ತು ಕಾಯ್ದೆ ತಿದ್ದಬೇಕಾಗಿಯೂ ಇಲ್ಲ. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ಬೇರೆ ವರ್ಗಗಳನ್ನು ಸೇರಿಸಬಹುದೆಂದು ಅನುಸೂಚಿಯ ಕೊನೆಯಲ್ಲೇ ಇದೆ. ನಿಮ್ಹಾನ್ಸ್, ಕಿದ್ವಾಯಿಯಂಥ ಸಂಸ್ಥೆಯ ಬಯಾಪ್ಸಿ ವರದಿ ನಾಲ್ಕನೇ ದರ್ಜೆ ಎಂದಿದ್ದರೆ ಮಂಡಳಿ ರೋಗಿಯನ್ನು ಕರೆಸದೆ 15 ದಿನದಲ್ಲಿ ಪ್ರಮಾಣಪತ್ರ ಕೊಡಬೇಕು, ಅದರಲ್ಲಿ ಶೇ. 80ಕ್ಕೆ ಕಡಿಮೆ ಬರೆಯಬಾರದು, ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲರ ಪಿಂಚಣಿಗೆ ಬೇಕಾದ ಮಟ್ಟ ಅದೇ. ಗಡ್ಡೆ ಆಳದಲ್ಲಿದ್ದು ಬಯಾಪ್ಸಿ ಆಗದವರಿಗೆ ಎಂಆರ್‌ಐ ಮತ್ತು ನ್ಯೂರೋಸರ್ಜನ್ ಬರೆದುಕೊಟ್ಟ ಪತ್ರ ಸಾಕು. ಐದು ವರ್ಷ ಮೀರಿ ಬದುಕುವ ಕೆಲವರೂ ಇದ್ದಾರೆ. ಪ್ರಮಾಣಪತ್ರ ಎರಡು ವರ್ಷದ ಮಟ್ಟಿಗೆ ತಾತ್ಕಾಲಿಕವಾಗಿದ್ದರೆ, ಅವರ ಮರುಪರೀಕ್ಷೆ ಆಗ ನಡೆಯಬಹುದು.